ಲಾರಿಯ ಹಿಂಬದಿಯಿಂದ ಟಿ-ಶರ್ಟಿನ ಬೆನ್ನಿಗೆ: ಗಾಡಿ ಚಿತ್ರಕಲೆಯ ಅಂಗಿ ಮಾಡಿಸುವ ಬಗೆ

ಲಾರಿ ಚಿತ್ರಕಲೆಯ ಟಿ-ಶರ್ಟ್ ಎಂದು ಮಾರಾಟವಾಗುವವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಎದೆಯ ಮೇಲೊಂದು ಲಾರಿಯ ಮುಖ, ಅದರ ಸುತ್ತ ನಾಲ್ಕು ಹೂವು, ಕೆಳಗೆ ‘ಹಾರ್ನ್ ಓಕೆ ಪ್ಲೀಸ್’. ಬಣ್ಣವೇನೋ ಢಾಳಾಗಿರುತ್ತದೆ. ಆದರೂ ಅದು ಲಾರಿಯ ಚಿತ್ರವಿರುವ ಅಂಗಿ ಎನ್ನಿಸುತ್ತದೆಯೇ ಹೊರತು ಲಾರಿ ಪೇಂಟರ್ ಬರೆದ ಅಂಗಿ ಎನ್ನಿಸುವುದಿಲ್ಲ. ಲಾರಿ ಪೇಂಟರ್ ಯಾವತ್ತೂ ಲಾರಿಯನ್ನು ಚಿತ್ರಿಸುವುದಿಲ್ಲವಲ್ಲ! ಅವರು ಬರೆಯುವುದು ನವಿಲು, ಕಮಲ, ಹಸು, ಹೆತ್ತವರ ಹೆಸರು, ಬುದ್ಧಿಮಾತು. ಅದೂ ತಗಡು ಮತ್ತು ಹಲಗೆಯ ಅಳತೆಗೆ ತಕ್ಕಂತೆ, ಚೌಕಟ್ಟಿನೊಳಗೆ ಚೌಕಟ್ಟು ಕಟ್ಟಿಕೊಂಡು.

ಇನ್ನೊಂದು ಮಾತು. ಲಾರಿಯನ್ನು ಜನ ಓದುವುದು ಹಿಂದಿನಿಂದ. ಘಾಟಿಯಲ್ಲಿ, ಟೋಲ್ ಸಾಲಿನಲ್ಲಿ, ರೈಲ್ವೆ ಗೇಟಿನಲ್ಲಿ ಹಿಂದೆ ಸಿಕ್ಕಿಕೊಂಡವರೇ ಅದರ ಓದುಗರು. ಅಂಗಿಯ ವಿಚಾರದಲ್ಲೂ ಹಾಗೆಯೇ: ಎದುರಿಗೆ ಬಂದವರು ನಿಮ್ಮ ಮುಖ ನೋಡುತ್ತಾರೆ, ಹಿಂದೆ ನಿಂತವರಿಗೆ ಮಾತ್ರ ಪೂರ್ತಿ ಓದುವಷ್ಟು ಬಿಡುವಿರುತ್ತದೆ. ಆದ್ದರಿಂದ ಈ ಲೇಖನದ ಅಂಗಿಯಲ್ಲಿ ಮುಖ್ಯ ಚಿತ್ರ ಬೆನ್ನಿಗೆ. ಮುಂದೆ, ಎಡ ಎದೆಯ ಮೇಲೆ, ಮೂರು ಇಂಚಿನ ಒಂದು ಹೂವೋ ಕಣ್ಣೋ ಇದ್ದರೆ ಸಾಕು.

ಯಾವ ಸೀಮೆಯ ಗಾಡಿ?

ಪೆನ್ಸಿಲ್ ಹಿಡಿಯುವ ಮೊದಲು ಇದನ್ನು ತೀರ್ಮಾನಿಸಿ. ‘ದಕ್ಷಿಣ ಏಷ್ಯಾದ ಗಾಡಿ ಚಿತ್ರ’ ಎಂಬ ಒಂದೇ ಶೈಲಿ ಇಲ್ಲ.

ಪಾಕಿಸ್ತಾನದ ಟ್ರಕ್ಕಿನಲ್ಲಿ ಖಾಲಿ ಜಾಗವೆಂಬುದೇ ಇರುವುದಿಲ್ಲ. ಕ್ಯಾಬಿನ್ನಿನ ನೆತ್ತಿಯ ಮೇಲೆ ‘ತಾಜ್’ ಎಂಬ ಕಿರೀಟದಂಥ ಹಲಗೆ, ಸ್ವಾತ್ ಕಡೆಯ ಗಾಡಿಗಳಿಗೆ ಕೆತ್ತನೆಯ ಮರದ ಬಾಗಿಲು, ಕರಾಚಿ ಗಾಡಿಗಳ ಮೈತುಂಬ ಕತ್ತರಿಸಿ ಅಂಟಿಸಿದ ಹೊಳೆಯುವ ‘ಚಮಕ್ ಪಟ್ಟಿ’, ಉರ್ದು ಶಾಯರಿ. ಹಿಂಬದಿಯಲ್ಲಿ ದೊಡ್ಡದೊಂದು ಭಾವಚಿತ್ರ. ಅಧಿಕಾರ ಬಿಟ್ಟು ದಶಕಗಳಾದ ಮೇಲೂ ಹಿಂದಿನ ಅಧ್ಯಕ್ಷ ಫೀಲ್ಡ್ ಮಾರ್ಷಲ್ ಅಯೂಬ್ ಖಾನ್ ಅಲ್ಲಿನ ಟ್ರಕ್ಕುಗಳ ಬೆನ್ನ ಮೇಲೆ ಉಳಿದುಕೊಂಡರು. ಆ ಹೂಬಳ್ಳಿಯ ಕೆಲಸಕ್ಕೆ ಅಲ್ಲಿ ‘ಫೂಲ್ ಪತ್ತಿ’ ಎನ್ನುತ್ತಾರೆ. ಢಾಕಾದ್ದು ಇದಕ್ಕಿಂತ ಬೇರೆ. ಅಲ್ಲಿ ಕ್ಯಾನ್ವಾಸ್ ಎಂದರೆ ಸೈಕಲ್ ರಿಕ್ಷಾದ ಹಿಂಬದಿಯ ಪುಟ್ಟ ತಗಡು. ಅದರ ಮೇಲೆ ಎನಾಮಲ್ ಬಣ್ಣದಲ್ಲಿ ಸಿನಿಮಾ ತಾರೆಯರು, ತಾಜಮಹಲು, ಹಳ್ಳಿಯ ನೋಟ, ಮನುಷ್ಯರಂತೆ ನಡೆದುಕೊಳ್ಳುವ ಹುಲಿ ಸಿಂಹಗಳು. ಢಾಕಾದ ರಿಕ್ಷಾ ಮತ್ತು ರಿಕ್ಷಾ ಚಿತ್ರಕಲೆಯನ್ನು ಯುನೆಸ್ಕೊ 2023ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಲಾರಿ ಇವೆರಡಕ್ಕಿಂತ ಮಿತಭಾಷಿ. ಇಲ್ಲಿ ಅಕ್ಷರಕ್ಕೆ ಮೊದಲ ಪಟ್ಟ, ಚಿತ್ರ ಆಮೇಲೆ. ಬಣ್ಣದ ಹಿಂದೆ ಕಾನೂನಿನ ಕೈವಾಡವೂ ಇದೆ: ನ್ಯಾಷನಲ್ ಪರ್ಮಿಟ್ ಲಾರಿಗಳ ಆ ಕಂದು ಬಣ್ಣ ಮಾಲೀಕನ ರುಚಿಯಿಂದ ಬಂದದ್ದಲ್ಲ, ಒಣಗಿದ ಎಲೆಯ ಕಂದು, ಅದಕ್ಕೆ ಬಿಳಿಯ ಅಗಲ ಅಂಚು ಎಂದು ಮೋಟಾರು ವಾಹನ ನಿಯಮಗಳೇ ಹೇಳಿದ್ದವು. ಕರ್ನಾಟಕದಲ್ಲಿ ಓಡಾಡುವ ಲಾರಿಗಳಲ್ಲಿ ಎಷ್ಟೋ ಗಾಡಿಗಳಿಗೆ ಬಾಡಿ ಕಟ್ಟಿದ್ದು ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಕಡೆ. ಹಾಗಾಗಿ ‘ಅಪ್ಪಟ ಕರ್ನಾಟಕದ ಲಾರಿ ಶೈಲಿ’ ಎಂದು ಅಂಗಿಯ ಚೀಟಿಯ ಮೇಲೆ ಬರೆಯುವ ಉತ್ಸಾಹವನ್ನು ತುಸು ತಡೆದುಕೊಳ್ಳುವುದು ಒಳ್ಳೆಯದು.

ಒಂದು ಅಂಗಿಗೆ ಒಂದೇ ಸೀಮೆ ಇರಲಿ. ಪಾಕಿಸ್ತಾನದ ಚಮಕ್ ಪಟ್ಟಿಯ ನಡುವೆ ‘ತಾಯಿಯ ಆಶೀರ್ವಾದ’ ಎಂದು ಬರೆದರೆ ಎರಡೂ ಕಡೆಯವರಿಗೆ ಪರಕೀಯ. ಮುಂದಿನ ಹಂತಗಳನ್ನು ನಾನು ನಮ್ಮ ಲಾರಿಯನ್ನು ಇಟ್ಟುಕೊಂಡೇ ಹೇಳುತ್ತೇನೆ. ಅಳತೆ, ಅಕ್ಷರ, ಮುದ್ರಣದ ಮಾತುಗಳು ಉಳಿದವಕ್ಕೂ ಸಲ್ಲುತ್ತವೆ.

ಗಾಡಿ ನೋಡುವ ಕೆಲಸ

ಅಂತರಜಾಲದಲ್ಲಿ ಹುಡುಕಿದರೆ ಸಿಗುವುದು ಬೇರೆಯವರು ಈಗಾಗಲೇ ಸರಳಗೊಳಿಸಿದ ಚಿತ್ರಗಳು. ಅವುಗಳ ನಕಲಿನ ನಕಲು ಮಾಡುವುದಕ್ಕಿಂತ ಎಪಿಎಂಸಿ ಯಾರ್ಡಿಗೋ ಲಾರಿ ಸ್ಟ್ಯಾಂಡಿಗೋ ಹೆದ್ದಾರಿಯ ಢಾಬಾಕ್ಕೋ ಹೋಗಿ. ಹುಬ್ಬಳ್ಳಿಯಿಂದ ಬೆಳಗಾವಿ ದಾಟಿ ಪುಣೆಯ ಕಡೆ ಹೋಗುವ ಹೆದ್ದಾರಿಯ ಢಾಬಾಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕಾರು ರಾಜ್ಯಗಳ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಆಯುಧಪೂಜೆಗೆ ಮುಂಚಿನ ದಿನಗಳಾದರೆ ಇನ್ನೂ ಒಳ್ಳೆಯದು; ಹೊಸದಾಗಿ ಬಣ್ಣ ಹೊಡೆಸಿಕೊಂಡ ಗಾಡಿಗಳು ಸಿಗುತ್ತವೆ. ಚಾಲಕರನ್ನು ಕೇಳಿಯೇ ಫೋಟೊ ತೆಗೆಯಿರಿ. ಯಾರು ಬರೆದದ್ದು, ಎಲ್ಲಿ ಬರೆಸಿದ್ದು ಎಂದು ವಿಚಾರಿಸಿ. ಆ ಪೇಂಟರ್ ಮುಂದೆ ನಿಮಗೆ ಬೇಕಾಗುತ್ತಾರೆ.

ಫೋಟೊ ನೇರವಾಗಿ, ಹಲಗೆಗೆ ಎದುರಾಗಿ ನಿಂತು ತೆಗೆಯಬೇಕು. ಓರೆಯಾಗಿ ತೆಗೆದರೆ ಅಳತೆ ತಿಳಿಯದು. ಎನಾಮಲ್ ಬಣ್ಣಕ್ಕೆ ಬಿಸಿಲು ಬಿದ್ದರೆ ಹೊಳಪು ಕಣ್ಣಿಗೆ ಹೊಡೆದು ಬಣ್ಣವೇ ಕಾಣುವುದಿಲ್ಲ, ನೆರಳಿನಲ್ಲಿ ನಿಂತ ಗಾಡಿಯನ್ನೇ ಆರಿಸಿ. ಗಮನಿಸಬೇಕಾದದ್ದು ಚಿತ್ರಕ್ಕಿಂತ ಹೆಚ್ಚಾಗಿ ಹಂಚಿಕೆ: ಹಿಂಬಾಗಿಲಿನ ಹಲಗೆ ಎಷ್ಟು ಪಟ್ಟಿಗಳಾಗಿ ಒಡೆದಿದೆ, ಕೊಕ್ಕೆ ಮತ್ತು ಕೀಲುಗಳು ಬಂದ ಕಡೆ ಪೇಂಟರ್ ಏನು ಮಾಡಿದ್ದಾರೆ, ಅಂಚಿಗೆ ಎಷ್ಟು ಗೆರೆ, ಬಂಪರಿನ ಕಪ್ಪು ಹಳದಿ ಓರೆಪಟ್ಟೆ ಯಾವ ಕಡೆಗೆ ವಾಲಿದೆ. ಹೊಸ ಗಾಡಿಗಳಲ್ಲಿ ಕೈಬರಹದ ಜಾಗವನ್ನು ವಿನೈಲ್ ಸ್ಟಿಕ್ಕರ್ ನುಂಗಿದೆ. ಕಡ್ಡಾಯದ ಪ್ರತಿಫಲನ ಪಟ್ಟಿ, ಅಂದರೆ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು, ಅಂಚಿನ ಅಲಂಕಾರದ ಜಾಗವನ್ನು ತೆಗೆದುಕೊಂಡಿದೆ. ಹೀಗಾಗಿ ಹಳೆಯ ಗಾಡಿಗಳನ್ನೇ ಹೆಚ್ಚು ನೋಡಿ.

ಚೌಕಟ್ಟು

ಈಗ ಕಾಗದ. ಎ3 ಹಾಳೆಯ ಮೇಲೆ 11 ಇಂಚು ಅಗಲ, 14 ಇಂಚು ಎತ್ತರದ ಚೌಕ ಎಳೆಯಿರಿ. ಇದೇ ನಿಮ್ಮ ಅಂಗಿಯ ಬೆನ್ನಿನ ನಿಜವಾದ ಅಳತೆ. ಸಣ್ಣದಾಗಿ ಬರೆದು ಆಮೇಲೆ ಹಿಗ್ಗಿಸಬೇಡಿ, ಗೆರೆಯ ದಪ್ಪದ ಅಂದಾಜು ತಪ್ಪಿಹೋಗುತ್ತದೆ. ಸುತ್ತ ಅರ್ಧ ಇಂಚಿನ ಅಂಚು ಬಿಟ್ಟು ಒಳಗಿನ 13 ಇಂಚನ್ನು ನಾಲ್ಕು ಪಟ್ಟಿ ಮಾಡಿ. ಮೇಲಿನದು ಎರಡು ಇಂಚು, ಅದು ಹೆಸರಿಗೆ. ಅದರ ಕೆಳಗೆ ಆರೂವರೆ ಇಂಚು ಚಿತ್ರಕ್ಕೆ. ಆಮೇಲೆ ಮೂರು ಇಂಚು ಮಾತಿಗೆ. ತಳದ ಒಂದೂವರೆ ಇಂಚು ಓರೆಪಟ್ಟೆ ಮತ್ತು ನಡುವೆ ನಂಬರ್ ಪ್ಲೇಟಿಗೆ.

ಚಿತ್ರದ ಪಟ್ಟಿಯಲ್ಲಿ ಎಡಬಲ ಸಮನಾಗಿರಲಿ. ಎದುರುಬದುರು ಎರಡು ನವಿಲು, ನಡುವೆ ಹೂವು: ಇದು ಹಳೆಯ ಹಂಚಿಕೆ, ಇವತ್ತಿಗೂ ಸೋತಿಲ್ಲ. ಒಂದು ನವಿಲು ಬರೆದು ಕಂಪ್ಯೂಟರಿನಲ್ಲಿ ಕನ್ನಡಿಬಿಂಬ ಮಾಡುವ ಆಸೆಯಾಗುತ್ತದೆ, ಮಾಡಬೇಡಿ. ಪೇಂಟರ್ ಎರಡನ್ನೂ ಕೈಯಿಂದಲೇ ಬರೆಯುತ್ತಾರೆ, ಬಲಗೈಯವರ ಬಲಬದಿಯ ನವಿಲು ಎಡಬದಿಯದಕ್ಕಿಂತ ಸ್ವಲ್ಪ ಬಿಗಿಯಾಗಿಯೋ ಸಡಿಲವಾಗಿಯೋ ಬರುತ್ತದೆ. ಆ ವ್ಯತ್ಯಾಸವೇ ಕಣ್ಣನ್ನು ಹಿಡಿದಿಡುತ್ತದೆ.

ಚಿತ್ರ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹರಿಯಬಾರದು. ಗರಿಯ ತುದಿ ಅಂಚಿನ ಗೆರೆ ದಾಟಿ ಹೊರಗೆ ಬಂದರೆ ಅದು ಪೋಸ್ಟರಿನ ಲಕ್ಷಣವಾಯಿತು, ಲಾರಿಯದ್ದಲ್ಲ. ಲಾರಿಯಲ್ಲಿ ಹಲಗೆ ಮುಗಿದಲ್ಲಿ ಚಿತ್ರ ಮುಗಿಯುತ್ತದೆ.

ಅಕ್ಷರ: ಇಲ್ಲಿ ಅವಸರ ಬೇಡ

ಚಿತ್ರ ಸಾಧಾರಣವಾಗಿದ್ದರೂ ಅಕ್ಷರ ಚೆನ್ನಾಗಿದ್ದರೆ ಅಂಗಿ ಗೆಲ್ಲುತ್ತದೆ. ಅಕ್ಷರ ಕೆಟ್ಟರೆ ಯಾವ ನವಿಲೂ ಕಾಪಾಡುವುದಿಲ್ಲ.

ಮೊದಲು ಗಾತ್ರ. ಫಲಕ ಬರೆಯುವ ಕೆಲಸದಲ್ಲಿ ಬಳಕೆಯಲ್ಲಿರುವ ಲೆಕ್ಕವೆಂದರೆ, ಒಂದು ಇಂಚು ಎತ್ತರದ ಅಕ್ಷರವನ್ನು ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದು. ಸಾಲಿನಲ್ಲಿ ಹಿಂದೆ ನಿಂತವರಿಗೆ, ಮೆಟ್ಟಿಲಿನಲ್ಲಿ ಕೆಳಗಿರುವವರಿಗೆ ಇದು ಸಾಕು. ‘ನಿಧಾನವೇ ಪ್ರಧಾನ’ ಎಂದು ಬರೆಯುತ್ತೀರಿ ಎಂದಿಟ್ಟುಕೊಳ್ಳಿ. ಮೂರು ಇಂಚಿನ ಪಟ್ಟಿಯಲ್ಲಿ ಒಂದೊಂದು ಇಂಚಿನ ಎರಡು ಸಾಲು ಹಿಡಿಸುತ್ತದೆ. ಆದರೆ ಕನ್ನಡಕ್ಕೆ ಮೇಲಿನ ಸಾಲು, ಕೆಳಗಿನ ಸಾಲು ಎಂದು ಎರಡೇ ಗೆರೆ ಎಳೆದುಕೊಂಡರೆ ಆಗುವುದಿಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ‘ಪ್ರ’ದ ಒತ್ತು ತಳಕ್ಕೆ ಇಳಿದು ಬಂದು ಅಂಚನ್ನು ಒದೆಯುತ್ತದೆ. ಅಕ್ಷರದ ಎತ್ತರದ ಮೂರನೇ ಒಂದು ಪಾಲನ್ನು ಕೆಳಗೆ ಬಿಟ್ಟೇ ಸಾಲು ಹಾಕಿ. ಒತ್ತಿಲ್ಲದ ಮಾತಾದರೆ, ಉದಾಹರಣೆಗೆ ‘ನಿಧಾನವಾಗಿ ಬಾ’, ಅಷ್ಟೂ ಜಾಗವನ್ನು ಅಕ್ಷರದ ಎತ್ತರಕ್ಕೇ ಕೊಡಬಹುದು. ಹಳೆಯ ಪೇಂಟರ್‌ಗಳು ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ತುಸು ಜಾರಿಸಿ ಜಾಗ ಉಳಿಸುತ್ತಾರೆ. ಗಾಡಿ ನೋಡುವಾಗ ಇದನ್ನು ಹುಡುಕಿ ನೋಡಿ.

ಇನ್ನು ಬರೆಯುವ ಕ್ರಮ. ಚಪ್ಪಟೆ ಬ್ರಷ್ಷಿನಿಂದ ಅಕ್ಷರದ ಮೈಯನ್ನು ಒಂದೇ ಬಣ್ಣದಲ್ಲಿ ತುಂಬಿ, ಹಳದಿ ಎಂದುಕೊಳ್ಳೋಣ. ಪೇಂಟರ್ ಇಲ್ಲಿ ಕಿರುಬೆರಳನ್ನು ತಗಡಿಗೆ ಊರಿ, ಅದನ್ನೇ ಅಚ್ಚು ಮಾಡಿಕೊಂಡು ಮಣಿಕಟ್ಟು ತಿರುಗಿಸುತ್ತಾರೆ. ಕನ್ನಡದ ಗುಂಡು ಅಕ್ಷರ ಹಾಗೆ ಬಂದರೇ ಚೆಂದ. ಬಣ್ಣ ಒಣಗಿದ ಮೇಲೆ ‘ಶೇಡ್’. ಬೆಳಕು ಮೇಲೆ ಬಲಗಡೆಯಿಂದ ಬೀಳುತ್ತಿದೆ ಎಂದು ಭಾವಿಸಿ ಪ್ರತಿಯೊಂದು ಗೆರೆಯ ಎಡಕ್ಕೆ ಮತ್ತು ಕೆಳಕ್ಕೆ ಕೆಂಪಿನ ದಪ್ಪ ನೆರಳು ಕೊಡಿ. ಒಂದು ಅಕ್ಷರಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಹೋದರೆ ಇಡೀ ಸಾಲು ಅಲುಗಾಡಿದಂತೆ ಕಾಣುತ್ತದೆ. ನೆರಳನ್ನು ಅಕ್ಷರಕ್ಕೆ ಅಂಟಿಸದೆ, ನಡುವೆ ಬೆಂಕಿಕಡ್ಡಿಯ ದಪ್ಪದಷ್ಟು ಸಂದು ಬಿಡುವುದು ಪಳಗಿದ ಕೈಯ ಗುರುತು. ಆ ಸಂದಿನಲ್ಲಿ ಅಂಗಿಯ ಬಣ್ಣವೇ ಇಣುಕಿ ಅಕ್ಷರ ಮುಂದಕ್ಕೆ ಎದ್ದು ಬರುತ್ತದೆ, ಮೇಲಾಗಿ ಒಂದು ಬಣ್ಣದ ಖರ್ಚೂ ಉಳಿಯುತ್ತದೆ. ಕೊನೆಗೆ ಬಲ ಮೇಲಂಚಿನಲ್ಲಿ ಬಿಳಿಯ ಸಣ್ಣ ಎಳೆ. ಗುಂಡಗಿನ ಭಾಗಕ್ಕೆ ಎಳೆ ಪೂರ್ತಿ ಸುತ್ತಬಾರದು, ಕಾಲು ಸುತ್ತಿಗೆ ನಿಲ್ಲಿಸಿ ಮುಂದೆ ಒಂದು ಚುಕ್ಕೆ ಇಡಿ.

ತಲಕಟ್ಟು ಮರೆಯಬೇಡಿ. ಅಕ್ಷರ ದಪ್ಪ ಮಾಡುವ ಭರದಲ್ಲಿ ತಲಕಟ್ಟು ಸಣ್ಣಗಾಗಿ, ದೂರದಿಂದ ನೋಡಿದರೆ ಬರೀ ಸೊನ್ನೆಗಳ ಸಾಲಿನಂತೆ ಕಾಣುವ ಅಂಗಿಗಳು ಬೇಕಾದಷ್ಟಿವೆ. ಮೈಯ ದಪ್ಪ ಎಷ್ಟೋ ತಲಕಟ್ಟಿನ ದಪ್ಪವೂ ಅಷ್ಟಿರಲಿ.

ಕೈಬರಹ ಬರುವುದಿಲ್ಲ, ಫಾಂಟ್ ಬಳಸುತ್ತೇನೆ ಎನ್ನುವವರಿಗೆ ಬೇರೆ ಎಚ್ಚರಿಕೆ. ಮುದ್ರಣದ ಅಂಗಡಿಗಳಲ್ಲಿ ಇರುವುದು ಸಾಮಾನ್ಯವಾಗಿ ಕೋರೆಲ್‌ಡ್ರಾ ಎಂಬ ಚಿತ್ರ ಬರೆಯುವ ತಂತ್ರಾಂಶ, ಅದೂ ಹಳೆಯದು. ಯೂನಿಕೋಡ್ ಕನ್ನಡ ಅಲ್ಲಿ ತೆರೆದಾಗ ಒಡೆಯುತ್ತದೆ. ‘ಹಾರ್ನ್’ ಎಂಬ ಪದವನ್ನೇ ನೋಡಿ: ಅರ್ಕಾವತ್ತು ‘ನ್’ನ ಬಲಕ್ಕೆ ಕೂರಬೇಕು. ಫೈಲು ಒಡೆದರೆ ‘ರ್’ ಬೇರೆ, ‘ನ್’ ಬೇರೆಯಾಗಿ ನಿಲ್ಲುತ್ತವೆ. ಅಂಗಡಿಯವರಿಗೆ ಕನ್ನಡ ಬಾರದಿದ್ದರೆ ಅದು ಹಾಗೆಯೇ ನೂರು ಅಂಗಿಯ ಮೇಲೆ ಅಚ್ಚಾಗುತ್ತದೆ. ಅಡೋಬಿ ತಂತ್ರಾಂಶಗಳಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆನ್ ಮಾಡಿ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ನೇರವಾಗಿಯೇ ಸರಿ ಬರುತ್ತದೆ. ಎಲ್ಲಿ ಮಾಡಿದರೂ ಕಳಿಸುವ ಮೊದಲು ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ, ಜೊತೆಗೆ ಒಂದು ಪಿಡಿಎಫ್ ಇಡಿ. ಫಾಂಟಿನ ಪರವಾನಗಿ ಮಾರಾಟದ ವಸ್ತುವಿಗೆ ಅನುಮತಿ ಕೊಡುತ್ತದೆಯೇ ಎಂದೂ ಓದಿಕೊಳ್ಳಿ.

ಯಾವ ಮಾತು, ಯಾವ ಗುರುತು

ಲಾರಿಯ ಮಾತುಗಳು ಯಾರ ಸ್ವತ್ತೂ ಅಲ್ಲ: ‘ತಂದೆ ತಾಯಿಯ ಆಶೀರ್ವಾದ’, ‘ಮತ್ತೆ ಸಿಗೋಣ’, ‘ಸೌಂಡ್ ಹಾರ್ನ್’, ರಾತ್ರಿ ಡಿಪ್ಪರ್ ಬಳಸಿ ಎನ್ನುವ ಕೋರಿಕೆ, ಕೆಟ್ಟ ಕಣ್ಣಿನವನ ಮುಖಕ್ಕೆ ಮಸಿ ಬಳಿಯುವ ಆ ಹಿಂದಿ ಸಾಲು. ‘ಹಾರ್ನ್ ಓಕೆ ಪ್ಲೀಸ್’ ಬಗ್ಗೆ ಹೇಳುವುದಾದರೆ, ಅದು ವಿನಾಕಾರಣ ಹಾರ್ನ್ ಹೊಡೆಯಲು ಪ್ರಚೋದಿಸುತ್ತದೆ ಎಂದು ಮಹಾರಾಷ್ಟ್ರ ಸಾರಿಗೆ ಇಲಾಖೆ 2015ರಲ್ಲಿ ವಾಣಿಜ್ಯ ವಾಹನಗಳ ಮೇಲೆ ಅದನ್ನು ಬರೆಯುವುದನ್ನೇ ನಿಷೇಧಿಸಿತು. ಅಂಗಿಗೆ ನಿಷೇಧವಿಲ್ಲ, ಆದರೆ ಸಾಕಷ್ಟು ಸವೆದಿದೆ. ಕನ್ನಡದ ಮಾತು ಹಾಕಿದರೆ ನಿಮ್ಮ ಅಂಗಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಸುಲಭ.

ಕಮಲ ಲಾರಿಯ ಹಳೆಯ ಹೂವು. ತೊಂದರೆ ಏನೆಂದರೆ ಚುನಾವಣೆ ಬಂದಾಗ ಅದು ಹೂವಾಗಿ ಉಳಿಯುವುದಿಲ್ಲ. ಆಶೀರ್ವದಿಸುವ ಹಸ್ತಕ್ಕೂ ಅದೇ ಕಷ್ಟ. ಎರಡನ್ನೂ ಹಾಕಿ ಸಮತೋಲನ ಮಾಡುತ್ತೇನೆ ಎಂದರೆ ತೆನೆ ಹೊತ್ತ ಮಹಿಳೆ ಎಲ್ಲಿ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಕಮಲವೇ ಬೇಕಾದರೆ ಗುಲಾಬಿ ಬಣ್ಣದಲ್ಲಿ, ಪಕ್ಕದಿಂದಲ್ಲದೆ ಮೇಲಿನಿಂದ ನೋಡಿದಂತೆ ದುಂಡಗೆ ಬರೆಯಿರಿ. ಇಲ್ಲದಿದ್ದರೆ ದಾಸವಾಳ, ನವಿಲು, ಹಸು-ಕರು, ಗಿಳಿ, ದೃಷ್ಟಿಗೊಂಬೆಯ ಮುಖ, ನಿಂಬೆಹಣ್ಣು ಮೆಣಸಿನಕಾಯಿಯ ಸರ ಇವೆ. ದೃಷ್ಟಿಗೊಂಬೆಯ ಕೋರೆಹಲ್ಲು ಮತ್ತು ಮೀಸೆ ಕಪ್ಪು ಅಂಗಿಯ ಮೇಲೆ ಎದ್ದು ಕಾಣುತ್ತವೆ.

ದೇವರ ಚಿತ್ರ ಗಾಡಿಗೆ ಸರಿ, ಅಂಗಿಗೆ ನನಗೆ ಒಪ್ಪಿಗೆಯಿಲ್ಲ. ಅಂಗಿ ಬೆವರುತ್ತದೆ, ಒಗೆಯುವ ಕಲ್ಲಿಗೆ ಬೀಳುತ್ತದೆ, ಹಳತಾದ ಮೇಲೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಕೊಳ್ಳುವವರಲ್ಲಿ ಅನೇಕರಿಗೆ ಇದು ಮನಸ್ಸಿಗೆ ಬರುತ್ತದೆ.

ನಟರ ಮುಖ ಇನ್ನೊಂದು ಆಸೆ. ಬೆಂಗಳೂರಿನ ಆಟೋಗಳ ಹಿಂದೆ ಶಂಕರ್ ನಾಗ್ ಇವತ್ತಿಗೂ ಇದ್ದಾರೆ. 1980ರ ‘ಆಟೋ ರಾಜ’ದ ಪ್ರೀತಿ ಅದು. ಚಾಲಕ ತನ್ನ ಆಟೋ ಮೇಲೆ ಅಭಿಮಾನದಿಂದ ಬರೆಸುವುದು ಒಂದು, ಆ ಮುಖವನ್ನು ಅಂಗಿಯ ಮೇಲೆ ಹಾಕಿ ಬೆಲೆ ಕಟ್ಟಿ ಮಾರುವುದು ಇನ್ನೊಂದು. ಎರಡನೆಯದಕ್ಕೆ ಅನುಮತಿ ಬೇಕು. ಲಾರಿ ಕಂಪನಿಗಳ ಲಾಂಛನಗಳೂ ಅಷ್ಟೆ, ಬಿಟ್ಟುಬಿಡಿ. ನಂಬರ್ ಪ್ಲೇಟಿನಲ್ಲಿ ಪೂರ್ತಿ ಸಂಖ್ಯೆ ಬೇಡ, ಅದು ಯಾರದೋ ಗಾಡಿಯದ್ದಾಗಿರುತ್ತದೆ. ‘ಕೆಎ 25’ ಎಂದರೆ ಧಾರವಾಡದವರಿಗೆ, ‘ಕೆಎ 19’ ಎಂದರೆ ಮಂಗಳೂರಿನವರಿಗೆ ಸಾಕು. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಬಂಧುವಿಗೆ ಕಳಿಸುವ ಅಂಗಿಯಾದರೆ ಈ ಪ್ಲೇಟನ್ನೇ ದೊಡ್ಡದು ಮಾಡಿ.

ಬಣ್ಣಕ್ಕೆ ಕತ್ತರಿ

ಲಾರಿ ಚಿತ್ರದಲ್ಲಿ ನೂರು ಬಣ್ಣ ಇದ್ದಂತೆ ಕಾಣುತ್ತದೆ. ಎಣಿಸಿ ನೋಡಿದರೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಏಳೆಂಟು ಎನಾಮಲ್ಲುಗಳು: ಪಿ.ಒ. ರೆಡ್, ಗೋಲ್ಡನ್ ಯೆಲ್ಲೊ, ಬಸ್ ಗ್ರೀನ್, ಫಿರೋಜಿ (ಹಸಿರು ಬೆರೆತ ನೀಲಿ), ಆಕ್ಸ್‌ಫರ್ಡ್ ಬ್ಲೂ, ಬಿಳಿ, ಕಪ್ಪು. ನಿಮಗೆ ಆರು ಸಾಕು: ಬಿಳಿ, ಹಳದಿ, ಕೆಂಪು, ಹಸಿರು, ಫಿರೋಜಿ, ಕಪ್ಪು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ (ಚಿತ್ರದ ಅಚ್ಚು ಇಳಿಸಿದ ಜಾಲರಿಯ ಚೌಕಟ್ಟು), ಸ್ಕ್ರೀನಿಗೊಂದು ಖರ್ಚು. ಕಪ್ಪು ಅಂಗಿಯಾದರೆ ಕಪ್ಪು ಶಾಯಿಯೇ ಬೇಡ, ಬಟ್ಟೆಯೇ ಗೆರೆಯಾಗುತ್ತದೆ, ಐದಕ್ಕೆ ಇಳಿಯಿತು. ಆ ಒಣ ಎಲೆಯ ಕಂದು ಬಣ್ಣದ ಬಟ್ಟೆ ಸಿಕ್ಕರಂತೂ ಅರ್ಧ ಲಾರಿ ಆಗಲೇ ಸಿದ್ಧ.

ನವಂಬರ್ ಒಂದಕ್ಕೆಂದು ಮಾಡಿಸುವವರು ಹಳದಿ ಕೆಂಪು ಎರಡೇ ಬಣ್ಣದಲ್ಲಿ ಮುಗಿಸಬಹುದು, ಅಕ್ಷರ ಮತ್ತು ಶೇಡ್‌ಗೆ ಅಷ್ಟು ಸಾಲುತ್ತದೆ. ಆದರೆ ಅಕ್ಟೋಬರಿನಲ್ಲಿ ಹೋದರೆ ಅಂಗಡಿಯವರು ತಲೆ ಎತ್ತಿಯೂ ನೋಡುವುದಿಲ್ಲ. ಸೆಪ್ಟೆಂಬರಿನಲ್ಲೇ ಫೈಲು ಕೊಡಿ.

ಬಣ್ಣದಿಂದ ಬಣ್ಣಕ್ಕೆ ಕರಗುವ ಕಂಪ್ಯೂಟರ್ ಛಾಯೆ ಬೇಡವೇ ಬೇಡ. ಪೇಂಟರ್ ದಳ ಬರೆಯುವಾಗ ಬ್ರಷ್ಷಿನ ಒಂದು ಮೂಲೆಗೆ ಕೆಂಪು, ಇನ್ನೊಂದು ಮೂಲೆಗೆ ಬಿಳಿ ಹಚ್ಚಿ ಒಂದೇ ಎಳೆತಕ್ಕೆ ದಳ ತಿರುಗಿಸುತ್ತಾರೆ. ಬಣ್ಣ ಗೆರೆಗೆರೆಯಾಗಿ ಬೆರೆಯುತ್ತದೆ, ಹೊಗೆಯಂತೆ ಕರಗುವುದಿಲ್ಲ. ಮುದ್ರಣದಲ್ಲಿ ಅದನ್ನು ತರಲು ಕೆಂಪು ದಳದ ಮೇಲೆ ಬಿಳಿಯ ನಾಲ್ಕೈದು ಮೊನಚು ಗೆರೆ ಎಳೆದರೆ ಸಾಕು.

ಫೈಲು ಸಿದ್ಧ ಮಾಡುವುದು

ಕಾಗದದ ಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪ್‌ನ ‘ಟ್ರೇಸ್ ಬಿಟ್‌ಮ್ಯಾಪ್’ ಮೂಲಕ ರೇಖೆಗಳಾಗಿ ಮಾಡಿಕೊಳ್ಳಿ. ಅಲ್ಲಿ ಗೆರೆಗಳನ್ನು ನಯಗೊಳಿಸುವ ಆಯ್ಕೆಯನ್ನು ಕಡಿಮೆ ಇಡಿ, ಕೈ ನಡುಗಿದ್ದು ಉಳಿಯಲಿ. ಪ್ರತಿಯೊಂದು ಬಣ್ಣ ಬೇರೆ ಪದರದಲ್ಲಿರಬೇಕು. ಒಂದು ಬಣ್ಣ ಇನ್ನೊಂದನ್ನು ಮುಟ್ಟುವ ಕಡೆ ತಿಳಿ ಬಣ್ಣವನ್ನು ಗಾಢ ಬಣ್ಣದ ಅಡಿಗೆ ಅರ್ಧ ಮಿಲಿಮೀಟರ್ ನುಗ್ಗಿಸಿ. ಅಚ್ಚು ಸ್ವಲ್ಪ ಸರಿದರೂ ನಡುವೆ ಬಟ್ಟೆ ಕಾಣುವುದಿಲ್ಲ. ಒಂದು ಪಾಯಿಂಟಿಗಿಂತ ಸಪೂರ ಗೆರೆ ಬಟ್ಟೆಯ ಮೇಲೆ ನಿಲ್ಲುವುದಿಲ್ಲ. ಕಪ್ಪು ಔಟ್‌ಲೈನ್ ಇದ್ದರೆ ಅದು ಕೊನೆಗೆ, ಎಲ್ಲದರ ಮೇಲೆ. ಕೆಳಗಿನ ಬಣ್ಣಗಳ ಸಣ್ಣಪುಟ್ಟ ತಪ್ಪುಗಳನ್ನು ಅದೇ ಮುಚ್ಚುತ್ತದೆ. ಲಾರಿ ಪೇಂಟರ್ ಕೂಡ ಔಟ್‌ಲೈನ್ ಕೊನೆಗೇ ಎಳೆಯುವುದು, ಅದೇ ಕಾರಣಕ್ಕೆ.

ಬಟ್ಟೆ

ನೂರಕ್ಕೆ ನೂರು ಹತ್ತಿ, 180 ಜಿಎಸ್‌ಎಂಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಬಟ್ಟೆಯ ತೂಕ) ಕಡಿಮೆಯಿಲ್ಲದ್ದು. ಸಡಿಲ ಅಂಗಿಯಾದರೆ 220ರಿಂದ 240. ಬಯೋವಾಶ್ (ಬಟ್ಟೆಯ ನವಿರು ತೆಗೆದು ನಯಗೊಳಿಸುವ ಒಗೆತ) ಆಗಿದೆಯೇ, ಮೊದಲೇ ಕುಗ್ಗಿಸಿದ ಬಟ್ಟೆಯೇ ಎಂದು ಕೇಳಿ. ತಿರುಪ್ಪೂರಿನಿಂದ ಬರುವ ಖಾಲಿ ಅಂಗಿಗಳಲ್ಲಿ ಎಲ್ಲ ದರ್ಜೆಯವೂ ಇವೆ. ಕೆಂಪು ಅಥವಾ ಮರೂನ್ ಪಾಲಿಸ್ಟರ್ ಮಿಶ್ರಣದಿಂದ ದೂರವಿರಿ: ಬಿಸಿ ಕೊಟ್ಟಾಗ ಬಟ್ಟೆಯ ಬಣ್ಣ ಶಾಯಿಗೆ ಏರಿ ಬಿಳಿಯೆಲ್ಲ ಗುಲಾಬಿಯಾಗುತ್ತದೆ. ಎಸ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ ಒಂದೇ ಸ್ಕ್ರೀನ್ ಬಳಸುವುದರಿಂದ 11 ಇಂಚಿನ ಚಿತ್ರ ಎಸ್‌ನಲ್ಲಿ ಬೆನ್ನು ತುಂಬುತ್ತದೆ, ಡಬಲ್ ಎಕ್ಸ್‌ಎಲ್‌ನಲ್ಲಿ ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ಪರವಾಗಿಲ್ಲ. ಮಕ್ಕಳ ಅಂಗಿಗೆ ಮಾತ್ರ ಬೇರೆ ಸ್ಕ್ರೀನ್ ಬೇಕೇ ಬೇಕು.

ಮುದ್ರಣ

ಹತ್ತು ಇಪ್ಪತ್ತು ಅಂಗಿಗಾದರೆ ಡಿಟಿಎಫ್. ಫಿಲ್ಮಿನ ಮೇಲೆ ಮುದ್ರಿಸಿ, ಅಂಟು ಪುಡಿ ಹಾಕಿ, ಹೀಟ್ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುತ್ತಾರೆ. ಬಣ್ಣದ ಲೆಕ್ಕವಿಲ್ಲ, ಸ್ಕ್ರೀನ್ ಖರ್ಚಿಲ್ಲ. ಆದರೆ 11 ಇಂಚಿನ ತುಂಬಿದ ಚಿತ್ರವನ್ನು ಡಿಟಿಎಫ್ ಮಾಡಿಸಿದರೆ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಂತೆ, ನಮ್ಮ ಸೆಕೆಗೆ ತಡೆಯುವುದಿಲ್ಲ. ಹಾಗಾಗಿ ಚಿತ್ರದ ನಡುವೆ ಬಟ್ಟೆ ಕಾಣುವ ಖಾಲಿ ಜಾಗಗಳನ್ನು ಉದ್ದೇಶಪೂರ್ವಕವಾಗಿ ಬಿಡಿ. ಅಕ್ಷರದ ಸಂದು ಬಿಟ್ಟದ್ದು ಇಲ್ಲೂ ಉಪಯೋಗಕ್ಕೆ ಬಂತು.

ಐವತ್ತರ ಮೇಲಾದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ. ಎನಾಮಲ್ಲಿನ ಆ ದಪ್ಪ, ತುಂಬಿದ ಬಣ್ಣ ಅದರಲ್ಲೇ ಬರುವುದು. ಅಂಗಡಿಯಲ್ಲಿ ‘ಪಿಗ್ಮೆಂಟ್’, ‘ರಬ್ಬರ್’, ‘ಪ್ಲಾಸ್ಟಿಸಾಲ್’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಪಿಗ್ಮೆಂಟ್ ಬಿಳಿ ಬಟ್ಟೆಗೆ ಚೆನ್ನ, ಕೈಗೆ ತಾಕುವುದೇ ಇಲ್ಲ, ಆದರೆ ಗಾಢ ಬಟ್ಟೆಯ ಮೇಲೆ ಕಾಣದು. ರಬ್ಬರ್ ನೀರಿನ ಮೂಲದ ಮಂದ ಶಾಯಿ. ಗಾಢ ಬಟ್ಟೆಗೂ ಆಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಪ್ಲಾಸ್ಟಿಸಾಲ್ ಹೊಳೆಯುತ್ತದೆ, ಲಾರಿಯ ಹೊಳಪಿಗೆ ಹತ್ತಿರ, ಆದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ ಬೇಯದಿದ್ದರೆ ಒಗೆತಕ್ಕೆ ಸಿಪ್ಪೆ ಏಳುತ್ತದೆ. ಗಾಢ ಬಟ್ಟೆಗೆ ಮೊದಲು ಬಿಳಿಯ ಅಡಿಪದರ ಹಾಕಿಸಿ, ಇಲ್ಲದಿದ್ದರೆ ಹಳದಿ ಮಂಕಾಗಿ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಮೆಶ್, ಅಂದರೆ ಸ್ಕ್ರೀನಿನ ಜಾಲರಿಯ ನೇಯ್ಗೆ, ಯಾವುದು ಎಂದು ಕೇಳಿಕೊಳ್ಳಿ: ಅಡಿಪದರದ ಬಿಳಿಗೆ ಇಂಚಿಗೆ 110 ಎಳೆಯ ಆಸುಪಾಸು, ಸಪೂರ ಗೆರೆಗಳಿಗೆ 156 ಅಥವಾ ಅದಕ್ಕಿಂತ ಒತ್ತಾದದ್ದು.

ಬೆನ್ನಿನ ಚಿತ್ರ ಕಾಲರಿನ ಹೊಲಿಗೆಯಿಂದ ನಾಲ್ಕು ಇಂಚು ಕೆಳಗೆ ಶುರುವಾಗಲಿ.

ಒಂದೇ ಒಂದು ಅಂಗಿ ಬೇಕು ಎನ್ನುವವರು ಅಂಗಡಿಗೆ ಹೋಗುವುದೇ ಬೇಡ. ಅಂಗಿಯನ್ನು ಒಮ್ಮೆ ಒಗೆದು ಒಣಗಿಸಿ, ಒಳಗೆ ರಟ್ಟು ತೂರಿಸಿ, ಚಿತ್ರವನ್ನು ಕಾರ್ಬನ್ ಹಾಳೆಯಿಂದ ಇಳಿಸಿ, ಬಟ್ಟೆಯ ಅಕ್ರಿಲಿಕ್ ಬಣ್ಣದಿಂದ ಬರೆಯಿರಿ. ಒಂದು ದಿನ ಒಣಗಿದ ಮೇಲೆ ಒಳಮಗ್ಗುಲಿನಿಂದ ಇಸ್ತ್ರಿ ಹಾಕಿದರೆ ಬಣ್ಣ ಕೂರುತ್ತದೆ.

ಮಾದರಿ ನೋಡದೆ ಒಪ್ಪಿಗೆ ಕೊಡಬೇಡಿ

ಮೊದಲ ಅಂಗಿಯನ್ನು ಮನೆಗೆ ತಂದು ನಾಲ್ಕು ಸಲ ಒಗೆಯಿರಿ, ಮೆಷಿನ್ನಿನಲ್ಲಿ ಎರಡು ಸಲ, ಕೈಯಲ್ಲಿ ಉಜ್ಜಿ ಎರಡು ಸಲ. ಒಣಗಿದ ಮೇಲೆ ಚಿತ್ರವನ್ನು ಎರಡೂ ಕೈಯಿಂದ ಹಿಡಿದು ಎಳೆಯಿರಿ. ಶಾಯಿ ಬಿರುಕು ಬಿಟ್ಟು ಹಾಗೇ ಉಳಿದರೆ ಸರಿಯಾಗಿ ಬೆಂದಿಲ್ಲ ಎಂದರ್ಥ, ಅಂಗಡಿಯವರಿಗೆ ತೋರಿಸಿ. ಹತ್ತು ಅಡಿ ದೂರದಲ್ಲಿ ಯಾರಿಗಾದರೂ ತೊಡಿಸಿ ನಿಲ್ಲಿಸಿ ಮಾತನ್ನು ಓದಲು ಹೇಳಿ. ನಿಮಗೆ ಆ ಮಾತು ಬಾಯಿಪಾಠವಾಗಿರುತ್ತದೆ, ಓದುವವರು ಬೇರೆಯವರೇ ಆಗಿರಬೇಕು. ಕೊಳ್ಳುವವರಿಗೆ ಕೊಡುವ ಚೀಟಿಯಲ್ಲಿ ಇಷ್ಟು ಬರೆಯಿರಿ: ಒಳಹೊರಗು ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ, ಚಿತ್ರದ ಮೇಲೆ ಇಸ್ತ್ರಿ ಬೇಡ.

ಪೇಂಟರ್‌ಗೆ ಸಲ್ಲಬೇಕಾದದ್ದು

ಸಾಧ್ಯವಿದ್ದರೆ ಮೇಲೆ ಹೇಳಿದ ಚಿತ್ರ, ಅಕ್ಷರದ ಕೆಲಸವನ್ನೆಲ್ಲ ಲಾರಿ ಪೇಂಟರ್ ಒಬ್ಬರ ಕೈಯಲ್ಲೇ ಮಾಡಿಸಿ. ಗಾಡಿಯ ಮೇಲೆ ಬರೆದದ್ದನ್ನು ಫೋಟೊ ಹೊಡೆದು ತಂದು ಅಚ್ಚು ಹಾಕುವುದು ಸುಲಭ, ಯಾರೂ ಕೇಳಲಿಕ್ಕಿಲ್ಲ. ಆದರೂ ಅದು ಕದ್ದದ್ದೇ. 11ಕ್ಕೆ 14 ಇಂಚಿನ ತಗಡೋ ದಪ್ಪ ಹಾಳೆಯೋ ಕೊಟ್ಟು, ಪಟ್ಟಿಗಳ ಅಳತೆ ತೋರಿಸಿ, ಆರು ಬಣ್ಣದಲ್ಲಿ ಮುಗಿಸಬೇಕು ಎಂದು ಹೇಳಿ. ಉಳಿದದ್ದಕ್ಕೆ ತಲೆ ಹಾಕಬೇಡಿ. ತಗಡಾದರೆ ನೆರಳಿನಲ್ಲಿ ನೇರವಾಗಿ ಫೋಟೊ ತೆಗೆಯಿರಿ, ಹಾಳೆಯಾದರೆ ಸ್ಕ್ಯಾನ್ ಮಾಡಿ. ಅವರು ಗಾಡಿಗೆ ತೆಗೆದುಕೊಳ್ಳುವ ದಿನಗೂಲಿಯ ಲೆಕ್ಕ ಇಲ್ಲಿ ಹೊಂದುವುದಿಲ್ಲ, ಯಾಕೆಂದರೆ ಗಾಡಿ ಒಂದು, ಅಂಗಿ ನೂರಾರು. ಒಂದೇ ಸಲಕ್ಕೆ ಇಷ್ಟು, ಇಲ್ಲವೇ ಅಂಗಿಗೆ ಇಷ್ಟು ಎಂದು ಮೊದಲೇ ಮಾತಾಡಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಎಷ್ಟು ಅಂಗಿಗೆ, ಎಷ್ಟು ವರ್ಷಕ್ಕೆ ಎಂಬುದೂ ಅದರಲ್ಲಿರಲಿ. ಲಾರಿ ಪೇಂಟರ್‌ಗಳು ಹಲಗೆಯ ಮೂಲೆಯಲ್ಲಿ ಹೆಸರು, ಊರು ಬರೆಯುವ ರೂಢಿ ಇದೆ. ಅವರು ಒಪ್ಪಿದರೆ ಅಂಗಿಯ ಚೌಕಟ್ಟಿನ ಬಲ ಕೆಳಮೂಲೆಯಲ್ಲಿ ಅದನ್ನು ಹಾಗೆಯೇ ಉಳಿಸಿ, ಕಂಪ್ಯೂಟರಿನಲ್ಲಿ ‘ಸ್ವಚ್ಛ’ ಮಾಡುವಾಗ ಅಳಿಸಿಬಿಡಬೇಡಿ.

ಕೆಲಸ ಮುಗಿದ ಮೇಲೆ ಸ್ಕ್ರೀನ್ ಮಾಡಲು ಬಳಸಿದ ಫಿಲ್ಮುಗಳನ್ನು ಅಂಗಡಿಯಿಂದ ಕೇಳಿ ಪಡೆಯಿರಿ. ಸ್ಕ್ರೀನನ್ನು ಅವರು ತೊಳೆದು ಬೇರೆ ಕೆಲಸಕ್ಕೆ ಬಳಸುತ್ತಾರೆ, ಫಿಲ್ಮಿಗೆ ನೀವು ಹಣ ಕೊಟ್ಟಿದ್ದೀರಿ. ಪ್ರತಿ ಫಿಲ್ಮಿನ ಅಂಚಿನಲ್ಲಿ ಬಣ್ಣದ ಹೆಸರು, ಶಾಯಿಯ ಬಗೆ, ಮೆಶ್ ಸಂಖ್ಯೆ, ಯಾವುದರ ಮೇಲೆ ಯಾವುದು ಎಂಬ ಕ್ರಮ ಬರೆದು, ಮಡಚದೆ, ಉರುಟಾಗಿ ಸುತ್ತಿ ಇಡಿ. ಎರಡನೇ ಕಂತು ಬೇರೆ ಅಂಗಡಿಯಲ್ಲಿ ಮಾಡಿಸಬೇಕಾಗಿ ಬಂದರೆ ಆ ಸುರುಳಿಯನ್ನೂ ಮೊದಲ ಮಾದರಿ ಅಂಗಿಯನ್ನೂ ಮೇಜಿನ ಮೇಲೆ ಇಟ್ಟರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ.